ಅಂಬಾಸಿಡರ್ ಫೋಟೋ ಗೋಡೆಗೆ: ಕ್ಯಾನ್ವಾಸಾ, ಅಕ್ರಿಲಿಕ್ಕಾ, ಗಾಜಿನ ಕಟ್ಟಾ?

ಹಳೇ ಕಾರಿನ ಫೋಟೋ ಗೋಡೆಗೆ ಹಾಕೋದಾದರೆ ಮೊದಲು ಕ್ರೋಮ್ ನೋಡಬೇಕು. ಬಂಪರ್, ಗ್ರಿಲ್, ಹೆಡ್‌ಲೈಟಿನ ಬಳೆ ಸಪ್ಪೆಯಾದರೆ ಕಾರೇ ಸಪ್ಪೆ. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಅದರ ರೆಡಿಮೇಡ್ ಪೋಸ್ಟರ್ ಹುಡುಕಿದರೆ ನನಗೆ ಸಿಕ್ಕಿದ್ದು ಬರೀ ಕೋಲ್ಕತ್ತಾದ ಹಳದಿ ಟ್ಯಾಕ್ಸಿ. ನನಗೆ ಬೇಕಿದ್ದದ್ದು ಚಿಕ್ಕಪ್ಪನ ಕಪ್ಪು ಮಾರ್ಕ್ 2, ಅಂದರೆ ಅಂಬಾಸಿಡರಿನ ಒಂದು ಹಳೇ ಮಾಡೆಲ್. ಎಳೆಬಿಸಿಲಲ್ಲಿ ಎದುರಿನಿಂದ ತೆಗೆದ ಒಂದೇ ಫೋಟೋವನ್ನು ಮೂರು ಥರ ಪ್ರಿಂಟ್ ಹಾಕಿಸಿ, ಶಿವಮೊಗ್ಗದ ನಮ್ಮ ಮನೆಯಲ್ಲಿ ಒಂದು ಮಳೆಗಾಲ ದಾಟಿಸಿದೆ.

ಮೂರರಲ್ಲಿ ಅಗ್ಗ ಬಿದ್ದದ್ದು ಕ್ಯಾನ್ವಾಸ್. ಹಗುರ, ಒಂದು ಮೊಳೆ ಸಾಕು. ಕಿಟಕಿ ಎದುರಿಗಿದ್ದರೂ ಬೆಳಕು ಹೊಡೆಯುವುದಿಲ್ಲ. ಆದರೆ ಹತ್ತಿರ ಹೋಗಿ ನೋಡಿ. ಮಾರ್ಕ್ 2 ಗ್ರಿಲ್ ಅಂದರೆ ಸಣ್ಣ ಸಣ್ಣ ಚೌಕಳಿ. ಬಟ್ಟೆಯ ನೇಯ್ಗೆಯೂ ಚೌಕಳಿಯೇ. ಒಂದರ ಮೇಲೊಂದು ಕೂತು ಗ್ರಿಲ್ ಮಸುಕು ಮಸುಕು. ಜೊತೆಗೆ ಬಟ್ಟೆಯನ್ನು ಮರದ ಚೌಕಟ್ಟಿನ ಬದಿಗೆ ಮಡಚುತ್ತಾರಲ್ಲ, ಅದಕ್ಕೆ ಸುತ್ತಲೂ ಒಂದೂವರೆ ಇಂಚು ಹೋಯಿತು. ಬಂಪರಿನ ತುದಿ ಪಕ್ಕಕ್ಕೆ ತಿರುಗಿ ಕೂತಿದೆ! ಜುಲೈನಲ್ಲಿ ಬಟ್ಟೆ ಸಡಿಲವೂ ಆಯಿತು. ಹಿಂದಿನ ಮೂಲೆಗಳ ಬೆಣೆ ತಟ್ಟಿದ ಮೇಲೆ ಸರಿಹೋಯಿತು.

ಅಕ್ರಿಲಿಕ್, ಅಂದರೆ ಗಾಜಿನಂಥ ಪ್ಲಾಸ್ಟಿಕ್ ಹಾಳೆಯ ಪ್ರಿಂಟ್, ನೋಡಿದ ತಕ್ಷಣ ಎಲ್ಲರೂ ವಾವ್ ಅಂದರು. ಕಪ್ಪು ಬಣ್ಣ ಅಷ್ಟು ಗಾಢ, ಕ್ರೋಮ್ ಫಳಫಳ. ಹಗಲಾದರೆ ಮಾತ್ರ ಕಾರಿನ ಬಾನೆಟ್ ಮೇಲೆ ನಮ್ಮ ಕಿಟಕಿಯ ಸರಳುಗಳೇ ಕಾಣುತ್ತಿದ್ದವು, ಸಂಜೆ ಟ್ಯೂಬ್‌ಲೈಟ್. ಭಾರವೂ ಜಾಸ್ತಿ, ಗೋಡೆಗೆ ಡ್ರಿಲ್ ಹಾಕಲೇಬೇಕು. ಒಣಬಟ್ಟೆಯಲ್ಲಿ ಸುಮ್ನೆ ಧೂಳು ಒರೆಸಿದರೂ ಗೀರು ಬೀಳುತ್ತದೆ. ಬೆಲೆಯಂತೂ ಕ್ಯಾನ್ವಾಸಿಗಿಂತ ಎಷ್ಟೋ ಜಾಸ್ತಿ.

ಮೂರನೆಯದು ಹಳೇ ಪದ್ಧತಿ. ಹೊಳಪಿಲ್ಲದ ಮ್ಯಾಟ್ ಪೇಪರಿನಲ್ಲಿ ಪ್ರಿಂಟ್, ಸುತ್ತ ಬಿಳಿ ಮೌಂಟ್ (ರಟ್ಟಿನ ಅಂಚು), ಮೇಲೆ ಗಾಜು ಹಾಕಿಸಿ ಪೇಟೆಯ ಅಂಗಡಿಯಲ್ಲಿ ಕಟ್ಟು ಹಾಕಿಸಿದ್ದು. ಮ್ಯಾಟ್‌ನಲ್ಲಿ ಕ್ರೋಮ್ ಎಲ್ಲಿ ಹೊಳೆಯುತ್ತೆ ಅಂತ ಅನುಮಾನ ಇತ್ತು. ನಿಜ, ಫಳಫಳ ಇಲ್ಲ. ಆದರೆ ಬಂಪರಿನೊಳಗೆ ಅಂಗಳದ ಅಡಿಕೆ ಮರಗಳು ಬಾಗಿ ನಿಂತಿವೆ, ಅವುಗಳ ನಡುವೆ ಕ್ಯಾಮೆರಾ ಹಿಡಿದು ಕುಕ್ಕರುಗಾಲಲ್ಲಿ ಕೂತ ನಾನು! ಅಕ್ರಿಲಿಕ್‌ನಲ್ಲೂ ಅದೆಲ್ಲ ಇತ್ತು, ಹೊಳಪಿನ ಗಲಾಟೆಯಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. ಕ್ರೋಮ್ ಅಂದರೆ ಅದರಲ್ಲಿ ಮೂಡುವ ಪ್ರತಿಬಿಂಬ ಅಲ್ವಾ? ಹಾಗಾಗಿ ನನ್ನ ಓಟು ಇದಕ್ಕೇ.

ಗಾಜಿಗೂ ಬೆಳಕಿನ ಕಾಟ ತಪ್ಪಿದ್ದಲ್ಲ. ಅದಕ್ಕೇ ಕಿಟಕಿ ಎದುರು ಬಿಟ್ಟು ಕಿಟಕಿ ಇರುವ ಗೋಡೆಯಲ್ಲೇ ಪಕ್ಕಕ್ಕೆ ಹಾಕಿದ್ದೇನೆ. ದುಡ್ಡು ಖರ್ಚಾದರೂ ಪರವಾಗಿಲ್ಲ ಅಂದರೆ ಪ್ರತಿಫಲನ ತಗ್ಗಿಸುವ ಆಂಟಿ ರಿಫ್ಲೆಕ್ಟಿವ್ ಗಾಜು ಕೇಳಿ. ಮೌಂಟ್ ಬೇಡ ಅನ್ನಬೇಡಿ. ಅದಿಲ್ಲದಿದ್ದರೆ ಶೀತಕ್ಕೆ ಪ್ರಿಂಟ್ ಗಾಜಿಗೇ ಅಂಟಿಕೊಳ್ಳಬಹುದು. ಮಲೆನಾಡು, ಕರಾವಳಿಯವರು ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ. ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡಿದರೆ ಬೂಷ್ಟು ಕಡಿಮೆ.

ಯಾವುದೇ ಹಾಕಿಸಿ, ಅಳತೆ ನೋಡಿಕೊಳ್ಳಿ. ಡಿಎಸ್‌ಎಲ್‌ಆರ್ ಫೋಟೋದ ಉದ್ದ-ಅಗಲದ ಅನುಪಾತ ಸಾಮಾನ್ಯವಾಗಿ 3:2 ಇರುತ್ತದೆ, 30×20 ಇಂಚಿಗೆ ಕತ್ತರಿ ಇಲ್ಲದೆ ಕೂರುತ್ತದೆ. ಅದನ್ನೇ 20×16 ಮಾಡಿಸಿದರೆ ಎರಡೂ ಬದಿ ಹೋಗುತ್ತದೆ. ಮೊಬೈಲಿನ 4:3 ಫೋಟೋಗೆ 24×18 ಸರಿ. 30×20ಕ್ಕೆ ಇಂಚಿಗೆ 150 ಚುಕ್ಕೆ ಅಂತ ಹಿಡಿದರೂ 4500×3000 ಪಿಕ್ಸೆಲ್ ಬೇಕು. ಅಂಗಡಿಯವರು ವಾಟ್ಸಾಪ್ ಮಾಡಿ ಅಂದರೆ, ಪಿಕ್ಸೆಲ್ ಕಡಿಮೆಯಾಗದಂತೆ ಡಾಕ್ಯುಮೆಂಟ್ ಆಗಿಯೇ ಕಳಿಸಿ.