ಕ್ಲಿಪ್‌ಗೆ 26 ತಿಂಗಳು, ಅಲೈನರ್‌ಗೆ 14: ಎರಡನ್ನೂ ಹಾಕಿಸಿಕೊಂಡವಳ ಲೆಕ್ಕ

ಹಲ್ಲು ನೆಟ್ಟಗೆ ಮಾಡಿಸಿಕೊಳ್ಳುವ ಕೆಲಸ ನನ್ನ ಬಾಯಲ್ಲಿ ಎರಡು ಸಲ ನಡೆದಿದೆ. ಮೊದಲ ಸಲ 2006ರಲ್ಲಿ, ನನಗೆ ಆಗ ಹದಿನೇಳು. ಕ್ಲಿಪ್ ಹಾಕಿಸಿಕೊಂಡೆ. ಎರಡನೇ ಸಲ 2023ರಲ್ಲಿ, ಮೂವತ್ನಾಲ್ಕಕ್ಕೆ. ಆಗ ಅಲೈನರ್, ಅಂದರೆ ಹಲ್ಲಿನ ಸಾಲಿನ ಮೇಲೆ ಕೂರುವ, ತೆಗೆದು ಹಾಕಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಟ್ರೇ. ಕ್ಲಿಪ್‌ಗೆ ಎರಡು ವರ್ಷ ಅಂದಿದ್ದರು, 26 ತಿಂಗಳು ಹಿಡಿಯಿತು. ಅಲೈನರ್‌ಗೆ ಎಂಟೂವರೆ ತಿಂಗಳು ಅಂದಿದ್ದರು, ಹತ್ತಿರಹತ್ತಿರ 14 ತಿಂಗಳಾಯಿತು. ಕೊಟ್ಟ ಮಾತಿಗೆ ಹತ್ತಿರ ಇದ್ದಿದ್ದು ಹಳೇ ಕ್ಲಿಪ್ಪೇ. ಯಾಕೆ ಅಂತ ಹೇಳಬೇಕು ಅನ್ನಿಸಿತು.

ನಮ್ಮೂರು ಹರಿಹರ. ತಿಂಗಳಿಗೊಂದು ಶನಿವಾರ ಅಪ್ಪನ ಜೊತೆ ಬಸ್ ಹತ್ತಿ ದಾವಣಗೆರೆಯ ಡೆಂಟಲ್ ಕಾಲೇಜಿಗೆ ಹೋಗುತ್ತಿದ್ದೆ. ಬಾಯಲ್ಲಿ ಜಾಗ ಇಲ್ಲ ಅಂತ ಕೋರೆಹಲ್ಲುಗಳ ಹಿಂದಿನ ನಾಲ್ಕು ಹಲ್ಲು ಕೀಳಿಸಿದರು. ಒಂದಕ್ಕೂ ಹುಳುಕಿರಲಿಲ್ಲ. ಗಟ್ಟಿ ಹಲ್ಲು ಕಿತ್ತರಲ್ಲ ಅಂತ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಪ್ರತಿ ಹಲ್ಲಿಗೂ ಒಂದೊಂದು ಲೋಹದ ತುಣುಕು ಅಂಟಿಸಿ, ತಂತಿ ಹಾಯಿಸಿ, ತಿಂಗಳಿಗೊಮ್ಮೆ ಬಿಗಿ ಮಾಡುವುದು. ಬಿಗಿ ಮಾಡಿದ ಮೇಲೆ ಮೂರು ದಿನ ಮೊಸರನ್ನವೇ ಗತಿ. ದಾವಣಗೆರೆ ಸೀಮೆಯಲ್ಲಿ ಹುಟ್ಟಿ ಮಂಡಕ್ಕಿ, ಮಿರ್ಚಿ ಬಿಟ್ಟು ಎರಡು ವರ್ಷ ಇರುವುದು ಅಂದರೆ ಸುಮ್ನೆ ಅಲ್ಲ. ನಾನು ಬಿಡಲಿಲ್ಲ, ಅದು ಬೇರೆ ಮಾತು. ಒಂದು ಸಲ ಕೊಡಬಳೆಗೆ, ಇನ್ನೊಂದು ಸಲ ಸಂಕ್ರಾಂತಿಯ ಕಬ್ಬಿಗೆ ಆ ತುಣುಕು ಕಿತ್ತು ಬಂತು. ಎರಡು ಸಲವೂ ಮತ್ತೆ ಅಂಟಿಸುವವರೆಗೆ ಆ ಹಲ್ಲು ಇದ್ದಲ್ಲೇ ಕೂತಿತ್ತು. ಹೆಚ್ಚಿಗೆ ಆದ ಎರಡು ತಿಂಗಳು ಹೋಗಿದ್ದು ಹೀಗೆ.

ಆದರೆ ಒಂದು ಮಾತು ಒಪ್ಪಲೇಬೇಕು. ನಾನು ಮಲಗಿದ್ದಾಗಲೂ, ಪರೀಕ್ಷೆ ಬರೆಯುವಾಗಲೂ, ಅಪ್ಪನ ಹತ್ತಿರ ಜಗಳ ಆಡುವಾಗಲೂ ಕ್ಲಿಪ್ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಅದಕ್ಕೆ ನನ್ನ ಒಪ್ಪಿಗೆ ಬೇಕಿರಲಿಲ್ಲ.

2008ರಲ್ಲಿ ಕ್ಲಿಪ್ ಬಿಚ್ಚಿ, ಹಲ್ಲು ಮತ್ತೆ ಹಳೇ ಜಾಗಕ್ಕೆ ಸರಿಯದಂತೆ ಹಿಡಿದಿಡುವ ರಿಟೇನರ್ ಕೊಟ್ಟರು. ಗುಲಾಬಿ ಬಣ್ಣದ ಪ್ಲಾಸ್ಟಿಕ್ ತಟ್ಟೆ, ಮುಂದೆ ಒಂದು ತಂತಿ. ದಿನಾ ಹಾಕಿಕೋ ಅಂದಿದ್ದರು. ಆರು ತಿಂಗಳು ಹಾಕಿಕೊಂಡೆ. ಹಲ್ಲು ನೆಟ್ಟಗಿದೆಯಲ್ಲ, ಇನ್ನೇನು ಅಂದುಕೊಂಡು ಬಿಟ್ಟೆ. ಹದಿನೈದು ವರ್ಷದಲ್ಲಿ ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡವು. ಮೇಲೆ ಒಂದು ಹಲ್ಲು ಬಾಗಿಲು ಅರ್ಧ ತೆರೆದ ಹಾಗೆ ಓರೆಯಾಯಿತು. ಇದರಲ್ಲಿ ಡಾಕ್ಟರ ತಪ್ಪು ಏನೂ ಇಲ್ಲ, ಪೂರ್ತಿ ನನ್ನದೇ.

ಇದೇ ರಿಟೇನರ್ ಬೇರೊಬ್ಬರ ಕೈಯಲ್ಲಿ ಏನಾಯಿತು ಅಂತ ಕೇಳಿದರೆ ನಗು ಬರುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಜಿಯಾ ಚಿಶ್ತಿ ಅನ್ನುವವರು ದೊಡ್ಡವರಾದ ಮೇಲೆ ಹಲ್ಲಿನ ಚಿಕಿತ್ಸೆ ಮಾಡಿಸಿಕೊಂಡರು. ರಿಟೇನರ್ ಹಲ್ಲನ್ನು ಹಿಡಿದಿಡುತ್ತದೆ ಅಂದಮೇಲೆ, ಒಂಚೂರು ಒಂಚೂರೇ ಬೇರೆ ಆಕಾರದ ರಿಟೇನರ್‌ಗಳ ಸಾಲು ಮಾಡಿದರೆ ಹಲ್ಲನ್ನು ಸರಿಸಲೂಬಹುದು ಅನ್ನುವ ಯೋಚನೆ ಅವರಿಗೆ ಬಂತು. 1997ರಲ್ಲಿ ಕೆಲ್ಸಿ ವರ್ತ್ ಜೊತೆ ಸೇರಿ ಕಂಪನಿ ಕಟ್ಟಿದರು. ಇನ್‌ವಿಸಲೈನ್ ಅನ್ನುವ ಹೆಸರಿನ ಅಲೈನರ್ ಹುಟ್ಟಿದ್ದು ಹಾಗೆ. ನಾನು ನನ್ನ ರಿಟೇನರನ್ನು ಟ್ರಂಕಿಗೆ ಹಾಕಿದ್ದೆ.

ಅಲೈನರ್ ಮಾಡಿಸಿದ್ದು ಬೆಂಗಳೂರಿನಲ್ಲಿ. ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿ ಸ್ಕ್ಯಾನ್ ಮಾಡಿದರು. ಕಂಪ್ಯೂಟರಿನಲ್ಲಿ ನನ್ನ ಹಲ್ಲುಗಳು ಅರ್ಧ ನಿಮಿಷದಲ್ಲಿ ಸರಿದು ಸಾಲಾಗಿ ನಿಂತವು. ಆ ವಿಡಿಯೋ ನೋಡಿದ ಮೇಲೆ ಯಾರಾದರೂ ದುಡ್ಡು ಕೊಟ್ಟೇ ಕೊಡುತ್ತಾರೆ, ಬಿಡಿ. ಒಟ್ಟು 26 ಜೊತೆ ಟ್ರೇ, ಒಂದೊಂದು 10 ದಿನ. 260 ದಿನ, ಅಂದರೆ ಎಂಟೂವರೆ ತಿಂಗಳು. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ತಿನ್ನುವಾಗ, ನೀರು ಬಿಟ್ಟು ಬೇರೇನಾದರೂ ಕುಡಿಯುವಾಗ, ಹಲ್ಲುಜ್ಜುವಾಗ ಮಾತ್ರ ತೆಗೆಯಬಹುದು. ಟ್ರೇ ಬರೋದಕ್ಕೇ ಮೂರು ವಾರ ಆಯಿತು. ಆ ಮೂರು ವಾರ ಎಂಟೂವರೆ ತಿಂಗಳ ಲೆಕ್ಕದಲ್ಲಿ ಇರಲಿಲ್ಲ.

ಒಂದು ಟ್ರೇ ಹಲ್ಲನ್ನು ಸರಿಸುವುದು ಸುಮಾರು ಕಾಲು ಮಿಲಿಮೀಟರ್, ಅಷ್ಟೇ. ಜಾಸ್ತಿ ತಳ್ಳಿದರೆ ಬೇಗ ಆಗುತ್ತದೆ ಅಂತಲ್ಲ. ಹಲ್ಲು ಸರಿಯಬೇಕಾದರೆ ಮುಂದಿನ ಕಡೆ ಮೂಳೆ ಕರಗಬೇಕು, ಹಿಂದೆ ಖಾಲಿಯಾದ ಕಡೆ ಹೊಸ ಮೂಳೆ ಬೆಳೆಯಬೇಕು. ಕ್ಲಿಪ್ಪೇ ಇರಲಿ, ಅಲೈನರ್ರೇ ಇರಲಿ, ತಿಂಗಳಿಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸು. ಹಾಗಾಗಿ ಇದು ಬೇಗ, ಅದು ನಿಧಾನ ಅನ್ನುವ ಜಾಹೀರಾತಿನ ಮಾತನ್ನು ನಾನು ನಂಬುವುದಿಲ್ಲ. ಒತ್ತಡ ದಿನಕ್ಕೆ ಎಷ್ಟು ಗಂಟೆ ಬಿತ್ತು ಅನ್ನುವುದೇ ಮುಖ್ಯ.

ನಾನು ಸಿಕ್ಕಿಬಿದ್ದಿದ್ದು ಅಲ್ಲೇ. ಒಂಬತ್ತನೇ ಟ್ರೇ ಹೊತ್ತಿಗೆ ಮೇಲಿನ ಓರೆ ಹಲ್ಲಿನ ತುದಿಗೂ ಟ್ರೇಗೂ ನಡುವೆ ಕೂದಲೆಳೆಯಷ್ಟು ಜಾಗ ಕಾಣಿಸಿತು. ಟ್ರೇ ಮುಂದೆ ಹೋಗಿದೆ, ಹಲ್ಲು ಹಿಂದೆ ಉಳಿದಿದೆ. "ದಿನಕ್ಕೆ ಎಷ್ಟು ಗಂಟೆ ಹಾಕ್ಕೋತೀರಾ?" ಅಂತ ಡಾಕ್ಟರು ಕೇಳಿದರು. ಇಪ್ಪತ್ತೊಂದು ಅಂದೆ, ಧೈರ್ಯವಾಗಿ. "ಒಂದು ವಾರ ಬರೆದಿಡಿ, ನೋಡೋಣ" ಅಂದರು.

ಬರೆದಿಟ್ಟೆ. ಬೆಳಗಿನ ಕಾಫಿಗೆ ತೆಗೆದದ್ದು ತಿಂಡಿ ಮುಗಿಯುವವರೆಗೆ ಡಬ್ಬಿಯಲ್ಲೇ: ಎರಡು ಗಂಟೆ. ಆಫೀಸಿನಲ್ಲಿ ಹನ್ನೊಂದಕ್ಕೆ ಬೈಟು ಕಾಫಿ: ಅರ್ಧ ಗಂಟೆ. ಮಧ್ಯಾಹ್ನದ ಊಟ, ಬಾಯಿ ತೊಳೆಯುವುದು: ಒಂದು. ಸಂಜೆ ಕಾಫಿ, ಜೊತೆಗೆ ಏನಾದರೂ ಕುರುಕಲು: ಒಂದು. ರಾತ್ರಿ ಊಟ, ಆಮೇಲೆ ಹರಟೆ: ಒಂದೂವರೆ. ಕೂಡಿದರೆ ಆರು ಗಂಟೆ. ಬಾಯಲ್ಲಿ ಇರುತ್ತಿದ್ದದ್ದು ಹದಿನೆಂಟೇ. ಊಟಕ್ಕೆ ಅಷ್ಟೇನೂ ಹೊತ್ತು ಹಿಡಿಯುತ್ತಿರಲಿಲ್ಲ. ಹೊತ್ತು ತಿಂದದ್ದೆಲ್ಲ ಕಾಫಿ. ಟ್ರೇ ಹಾಕಿಕೊಂಡೇ ಬಿಸಿ ಕಾಫಿ ಕುಡಿದರೆ ಪ್ಲಾಸ್ಟಿಕ್ ಆಕಾರ ಕೆಡುತ್ತದೆ, ಬಣ್ಣವೂ ಹಿಡಿಯುತ್ತದೆ. ಮೂರು ಸಲದ ಕಾಫಿ ಎರಡು ಸಲಕ್ಕೆ ಇಳಿಯಿತು, ಅದೂ ತಿಂಡಿಯ ಜೊತೆಗೇ. ಹಲ್ಲು ಕೀಳಿಸಿದಾಗಲೂ ನನಗೆ ಇಷ್ಟು ಬೇಜಾರಾಗಿರಲಿಲ್ಲ.

ಒಂಬತ್ತರಿಂದ ಹನ್ನೆರಡರವರೆಗೆ ಒಂದೊಂದು ಟ್ರೇಗೂ 10 ದಿನದ ಬದಲು 14 ದಿನ ಆಯಿತು. ಟ್ರೇ ಸರಿಯಾಗಿ ಕೂರಲಿ ಅಂತ ರಬ್ಬರಿನ ಸಣ್ಣ ಸುರುಳಿಯೊಂದನ್ನು ಕೊಟ್ಟಿದ್ದರು. ಟಿವಿ ನೋಡುತ್ತಾ ಅದನ್ನೇ ಕಚ್ಚುತ್ತಾ ಕೂರುತ್ತಿದ್ದೆ.

ಆಮೇಲೆ ಬಂತು ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ಕೂತೆ. ಡಬ್ಬಿ ರೂಮಿನಲ್ಲಿತ್ತು. ಹದಿನಾಲ್ಕನೇ ಟ್ರೇ ತೆಗೆದು, ಟಿಶ್ಯೂದಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟೆ. ಹೋಳಿಗೆಗೆ ತುಪ್ಪ ಬಡಿಸಿದರು, ಪಕ್ಕದಲ್ಲಿ ದೊಡ್ಡಮ್ಮ ಮಾತಿಗೆ ಸಿಕ್ಕರು. ಕೈ ತೊಳೆದು ಬರುವಷ್ಟರಲ್ಲಿ ಬೆಂಚಿನ ಮೇಲಿನ ಪೇಪರ್ ಸಮೇತ ಎಲೆ ಸುತ್ತಿಕೊಂಡು ಹೋಗಿದ್ದರು. ರೇಷ್ಮೆ ಸೀರೆ ಎತ್ತಿ ಕಟ್ಟಿ ಛತ್ರದ ಹಿಂದಿನ ಎಲೆ ಗುಡ್ಡೆಯ ಹತ್ತಿರ ಹೋದೆ. ಅಲ್ಲಿ ಒಂದು ಹಸು ಆಗಲೇ ಊಟಕ್ಕೆ ನಿಂತಿತ್ತು. "ಏನ್ ಹುಡುಕ್ತೀಯೇ, ಓಲೆನಾ?" ಅಂತ ದೊಡ್ಡಮ್ಮ ಕಿಟಕಿಯಿಂದ ಕೂಗಿದರು. ಓಲೆ ಅಂತಲೇ ಹೇಳಿದೆ. ಹಲ್ಲು ಅಂದಿದ್ದರೆ ಊರಿಗೆಲ್ಲ ಸುದ್ದಿ.

ಟ್ರೇ ಸಿಗಲಿಲ್ಲ. ಹದಿಮೂರನೆಯದನ್ನೇ ಮತ್ತೆ ಹಾಕಿಕೊಂಡು ಹೊಸದು ಬರುವವರೆಗೆ ಎರಡು ವಾರ ಕಾದೆ. ಇಂಥ ಕಷ್ಟ ಕ್ಲಿಪ್‌ನಲ್ಲಿ ಇಲ್ಲವೇ ಇಲ್ಲ, ಅಲ್ವಾ? ಅದನ್ನು ಕಳೆಯಬೇಕು ಅಂದರೂ ಆಗುವುದಿಲ್ಲ.

26ನೇ ಟ್ರೇ ಮುಗಿದಾಗ ಒಂಬತ್ತೂವರೆ ತಿಂಗಳಾಗಿತ್ತು. ಕೆಳಗಿನ ಸಾಲು ಚೆನ್ನಾಗಿ ಬಂದಿತ್ತು. ಮೇಲಿನ ಓರೆ ಹಲ್ಲು ಇನ್ನೂ ಸ್ವಲ್ಪ ಓರೆಯೇ, ಒಂದು ಕೋರೆಹಲ್ಲು ಪೂರ್ತಿ ತಿರುಗಿರಲಿಲ್ಲ. ದುಂಡಗಿನ ಹಲ್ಲನ್ನು ಪ್ಲಾಸ್ಟಿಕ್ಕಿಗೆ ಹಿಡಿದು ತಿರುಗಿಸುವುದು ಕಷ್ಟ, ಜಾರುತ್ತದೆ. ಅದಕ್ಕೇ ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಗುಬುಟು ಅಂಟಿಸಿರುತ್ತಾರೆ. ಆದರೂ ಎಲ್ಲ ಸಲ ಸಾಲುವುದಿಲ್ಲ. ಮತ್ತೆ ಸ್ಕ್ಯಾನ್, ಟ್ರೇ ಬರಲು 24 ದಿನ, ಆಮೇಲೆ ಇನ್ನೂ 10 ಜೊತೆ. ಇದಕ್ಕೆ ರಿಫೈನ್‌ಮೆಂಟ್ ಅಂತ ಹೆಸರು. ತುಂಬಾ ಜನರಿಗೆ ಬೇಕಾಗುತ್ತದಂತೆ. ಅದನ್ನು ಮೊದಲೇ ಹೇಳಬಹುದಿತ್ತು, ಮೊದಲ ದಿನದ ಲೆಕ್ಕದಲ್ಲಿ ಸೇರಿಸಬಹುದಿತ್ತು. ನನ್ನ ದೊಡ್ಡ ತಕರಾರು ಇದೇ. ನೀವು ಹೋದರೆ ಕೇಳುವ ಮೊದಲ ಪ್ರಶ್ನೆ "ಎಷ್ಟು ಟ್ರೇ" ಅಂತ ಆಗಬಾರದು. "ರಿಫೈನ್‌ಮೆಂಟ್ ಸೇರಿ ಎಷ್ಟು ತಿಂಗಳು, ಅದಕ್ಕೆ ಬೇರೆ ದುಡ್ಡಾ" ಅಂತ ಕೇಳಿ.

14 ತಿಂಗಳು 26ಕ್ಕಿಂತ ಕಡಿಮೆ ತಾನೇ ಅಂತ ಕೇಳಬಹುದು. ನ್ಯಾಯವಾಗಿ ಹೇಳಬೇಕೆಂದರೆ ಎರಡೂ ಒಂದೇ ಕೆಲಸ ಅಲ್ಲ. ಹದಿನೇಳರಲ್ಲಿ ನಾಲ್ಕು ಹಲ್ಲು ಕಿತ್ತ ಜಾಗವನ್ನು ಮುಚ್ಚಬೇಕಿತ್ತು, ಅದೇ ಮುಕ್ಕಾಲು ಕೆಲಸ. ಮೂವತ್ನಾಲ್ಕರಲ್ಲಿ ಇದ್ದದ್ದು ಮುಂದಿನ ಹಲ್ಲುಗಳ ಸೊಟ್ಟ ಮಾತ್ರ. ಈ ಸೊಟ್ಟಕ್ಕೇ ಕ್ಲಿಪ್ ಹಾಕಿದ್ದರೆ ಎಷ್ಟಾಗುತ್ತಿತ್ತು ಅಂತ ಕೇಳಿದಾಗ ನಮ್ಮ ಡಾಕ್ಟರು ಎಂಟು ತಿಂಗಳು ಅಂದರು. ಅದನ್ನು ಶುರುವಿನಲ್ಲಿ ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಾಗಂತ ಅಲೈನರ್ ತೆಗೆದುಕೊಂಡು ಕೆಟ್ಟೆ ಅಂತಲ್ಲ. ನೋವು ಕಡಿಮೆ. ಹೊಸ ಟ್ರೇ ಹಾಕಿದ ದಿನ ಬಿಗಿ ಅನ್ನಿಸುತ್ತದೆ, ಮಾರನೇ ದಿನ ಸರಿ. ತುಟಿಯೊಳಗೆ ತಂತಿ ಚುಚ್ಚುವುದಿಲ್ಲ. ಆರು ವಾರಕ್ಕೊಮ್ಮೆ ಹೋದರೆ ಸಾಕಿತ್ತು. ತಿನ್ನುವುದಕ್ಕೆ ಯಾವ ಕಟ್ಟೂ ಇಲ್ಲ, ತೆಗೆದಿಟ್ಟು ಜೋಳದ ರೊಟ್ಟಿಯನ್ನೂ ಮುರಿಯಬಹುದು. ದುಡ್ಡು ಮಾತ್ರ ಜೋರು: ನನಗೆ ಆದದ್ದು 1 ಲಕ್ಷದ 60 ಸಾವಿರ. ಅದೇ ಕಡೆ ಕ್ಲಿಪ್‌ಗೆ 50 ಸಾವಿರ ಹೇಳಿದ್ದರು.

ಡಾಕ್ಟರ ಬಳಿಗೇ ಹೋಗದೆ ಮನೆಗೆ ಟ್ರೇ ತರಿಸಿಕೊಳ್ಳುವ ದಾರಿಯೂ ಇದೆ. ಅಗ್ಗ. ಆದರೆ ಗುಬುಟು ಅಂಟಿಸಲು, ಹಲ್ಲಿನ ನಡುವೆ ತೆಳ್ಳಗೆ ಉಜ್ಜಿ ಜಾಗ ಮಾಡಲು ಯಾರಾದರೂ ಬಾಯಿ ನೋಡಲೇಬೇಕು. ಒಂಬತ್ತನೇ ಟ್ರೇಯ ಕೂದಲೆಳೆ ಜಾಗವನ್ನು ನಾನೊಬ್ಬಳೇ ನೋಡಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆ. ಈ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆಯ ನಡುವೆ ಇದ್ದವರು ಅಲ್ಲೇ ಉಳಿದರು. ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಈಗ ತಮ್ಮನ ಮಗಳ ಸರದಿ. ಹದಿಮೂರು ವರ್ಷ, ಮೇಲೆ ಉಬ್ಬುಹಲ್ಲು. "ಅತ್ತೆ, ನಂಗೂ ನಿಮ್ದೇ ಕೊಡಿಸಿ, ಕಾಣೋದೇ ಇಲ್ಲ" ಅಂತ ಹಟ. ಶಾಲೆಯಿಂದ ತಿಂಗಳಿಗೊಂದು ನೀರಿನ ಬಾಟಲಿ ಕಳೆದುಕೊಂಡು ಬರುವ ಹುಡುಗಿ. ಕ್ಲಿಪ್ಪೇ ಹಾಕಿಸು ಅಂತ ತಮ್ಮನಿಗೆ ಹೇಳಿದೆ. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು.

ಹೋದ ತಿಂಗಳು ಹರಿಹರಕ್ಕೆ ಹೋದಾಗ ಅಮ್ಮನ ಟ್ರಂಕಿನಲ್ಲಿ ಆ ಗುಲಾಬಿ ರಿಟೇನರ್ ಸಿಕ್ಕಿತು, 2008ರದ್ದು. ಬಿಸಿ ಅಲ್ಲದ ನೀರಿನಲ್ಲಿ ತೊಳೆದು ಬಾಯಿಗೆ ಹಿಡಿದು ನೋಡಿದೆ. ಎಡಗಡೆ ಸರಿಯಾಗಿ ಕೂತಿತು. ಬಲಗಡೆ ತಂತಿ ಆ ಓರೆ ಹಲ್ಲಿನ ಹತ್ತಿರ ಇನ್ನೂ ಒಂಚೂರು ಎದ್ದೇ ನಿಂತಿತ್ತು.