ಪೋರ್ಶೆ ಬಾಕ್ಸ್‌ಸ್ಟರ್ ಎಸ್ (2003): ಡೀಲರ್ ಬಿಲ್ಲು, ಹೊರಗಿನ ಗ್ಯಾರೇಜ್ ಬಿಲ್ಲು, ಯಾವ ಕೆಲಸ ಎಲ್ಲಿ ಮಾಡಿಸಬೇಕು

ಕಾರು: 986 ತಲೆಮಾರಿನ ಬಾಕ್ಸ್‌ಸ್ಟರ್ ಎಸ್, 3.2 ಲೀಟರ್ ಎಂಜಿನ್, ಆರು ಗೇರಿನ ಮ್ಯಾನುಯಲ್. ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ. ಓಡಿಸುವ ಸುಖದ ವಿಷಯದಲ್ಲಿ ಎರಡು ಮಾತಿಲ್ಲ. ಎಂಜಿನ್ ಸೀಟಿನ ಬೆನ್ನಿಗೇ ಇರುವುದರಿಂದ ತಿರುವಿನಲ್ಲಿ ಸಿಗುವ ಸಮತೋಲ ಇವತ್ತಿನ ಎಷ್ಟೋ ಹೊಸ ಕಾರುಗಳಲ್ಲಿ ಸಿಗುವುದಿಲ್ಲ. ಹಳೆಯ ಕಾರಾದ್ದರಿಂದ ಕೊಳ್ಳುವ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಮತ್ತು ಗಂಟೆಯ ಕೂಲಿ ಇಳಿದಿಲ್ಲ. ಹೊಸ ಮಾಲೀಕರು ಬೆಚ್ಚಿಬೀಳುವುದು ಅಲ್ಲೇ. ಆದರೆ ಈ ಕಾರಿನ ದೊಡ್ಡ ಬಿಲ್ಲುಗಳು ಎಲ್ಲಿಂದ ಬರುತ್ತವೆ ಅನ್ನುವುದು ಮೊದಲೇ ಗೊತ್ತಿರುವ ವಿಷಯ. ಎಂಜಿನ್, ಕ್ಲಚ್, ಸಸ್ಪೆನ್ಷನ್ ಕೆಲಸವನ್ನು ಈ ಮಾದರಿ ಬಲ್ಲ ಸ್ವತಂತ್ರ ಗ್ಯಾರೇಜಿಗೆ ಕೊಡಿ, ಕೀಲಿ ಮತ್ತು ಇಮೊಬಿಲೈಸರ್ (ಸರಿಯಾದ ಕೀಲಿಯಿಲ್ಲದೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ಘಟಕ) ಕೋಡಿಂಗ್‌ಗೆ ಮಾತ್ರ ಡೀಲರ್ ಹತ್ತಿರ ಹೋಗಿ. ನನ್ನ ತೀರ್ಮಾನ ಇಷ್ಟು. ಕಾರಣಗಳು ಮುಂದಿವೆ.

ಎಲ್ಲರೂ ಹೆದರುವುದು ಐಎಂಎಸ್ ಬೇರಿಂಗ್‌ಗೆ. ಕ್ರ್ಯಾಂಕ್‌ಶಾಫ್ಟ್ ಕೆಳಗಿರುವ ಇಂಟರ್‌ಮೀಡಿಯೆಟ್ ಶಾಫ್ಟ್ (ಐಎಂಎಸ್ ಅಂದರೆ ಇದೇ) ಚೈನ್ ಮೂಲಕ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುತ್ತದೆ. ಅದರ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿರುವ ಬಾಲ್ ಬೇರಿಂಗ್ ಎರಡೂ ಬದಿ ಸೀಲ್ ಆಗಿರುತ್ತದೆ. ಕಾಲ ಕಳೆದಂತೆ ಎಂಜಿನ್ ಆಯಿಲ್ ಸೀಲ್ ದಾಟಿ ಒಳಗೆ ನುಗ್ಗಿ ಗ್ರೀಸನ್ನು ತೊಳೆದುಹಾಕುತ್ತದೆ. ಒಳಗೆ ಹೋದ ಆಯಿಲ್ ಹೊರಗೆ ಬರದೆ ಅಲ್ಲೇ ಕೆಡುತ್ತದೆ. ಬೇರಿಂಗ್ ಒಡೆದರೆ ಚೈನ್ ಟೈಮಿಂಗ್ ತಪ್ಪಿ ವಾಲ್ವುಗಳು ಪಿಸ್ಟನ್‌ಗೆ ಬಡಿಯುತ್ತವೆ, ಎಂಜಿನ್ ಹೋದಂತೆಯೇ. ಮೊದಮೊದಲ ಕಾರುಗಳಲ್ಲಿ ಎರಡು ಸಾಲಿನ ಬೇರಿಂಗ್ ಇತ್ತು, ಅದು ಗಟ್ಟಿ. ಸುಮಾರು 2000ದಿಂದ 2005ರವರೆಗಿನ ಒಂದು ಸಾಲಿನದೇ ದುರ್ಬಲ. ಅಮೆರಿಕದಲ್ಲಿ ಇದರ ಮೇಲೆ ನಡೆದ ಸಾಮೂಹಿಕ ದಾವೆ 2013ರಲ್ಲಿ ಇತ್ಯರ್ಥವಾಯಿತು. ಆ ಒಪ್ಪಂದದ ರಕ್ಷಣೆಗೆ ವರ್ಷ ಮತ್ತು ಮೈಲಿಗಳ ಮಿತಿಯಿತ್ತು, ಈಗ ಅದು ಮುಗಿದ ಕಥೆ. ಖರ್ಚು ಮಾಲೀಕರದ್ದೇ. ಇನ್ನೊಂದು ವಿಷಯ: ಮಾಡೆಲ್ ವರ್ಷ ನೋಡಿ ಬೇರಿಂಗ್ ಯಾವುದೆಂದು ಹೇಳಲಾಗದು. ಎಂಜಿನ್ ನಂಬರಿನಲ್ಲಿ ‘ಎಟಿ’ ಅಕ್ಷರಗಳಿದ್ದರೆ ಅದು ಕಂಪನಿ ಕೊಟ್ಟ ಬದಲಿ ಎಂಜಿನ್. ಅದರೊಳಗೆ ಯಾವುದಿದೆ ಎಂದು ಬಿಚ್ಚಿದಾಗಲೇ ತಿಳಿಯುವುದು.

ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರನ್ನೂ ಇಳಿಸಬೇಕು. ಹಾಗಾಗಿ ಇದನ್ನು ಒಂಟಿ ಕೆಲಸವಾಗಿ ಮಾಡಿಸುವುದು ದುಡ್ಡು ದಂಡ. ಕ್ಲಚ್ ಸವೆದಾಗ ಒಟ್ಟಿಗೇ ಮಾಡಿಸಿ: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್, ಐಎಂಎಸ್ ಬೇರಿಂಗ್, ಫ್ಲೈವೀಲ್‌ಗೆ ಹೊಸ ಬೋಲ್ಟುಗಳು. ಎರಡು ತುಂಡುಗಳನ್ನು ಸ್ಪ್ರಿಂಗಿನಿಂದ ಜೋಡಿಸಿದ ಡ್ಯುಯಲ್ ಮಾಸ್ ಫ್ಲೈವೀಲನ್ನು ಲೇತ್‌ಗೆ ಕೊಟ್ಟು ಕೆರೆಸುವಂತಿಲ್ಲ. ಆ ತುಂಡುಗಳ ನಡುವಿನ ಸಡಿಲ ಹೆಚ್ಚಾಗಿದ್ದರೆ ಹೊಸದೇ ಬೇಕು, ಇಡೀ ಬಿಲ್ಲಿನಲ್ಲಿ ಅದೇ ದುಬಾರಿ ವಸ್ತು. ಗೇರ್‌ಬಾಕ್ಸ್ ಇಳಿದಿರುವಾಗ ಏರ್ ಆಯಿಲ್ ಸೆಪರೇಟರಿಗೂ (ಎಂಜಿನ್ನಿನ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಭಾಗ) ಕೈ ಸುಲಭವಾಗಿ ಹೋಗುತ್ತದೆ, ಹಳೆಯದಿದ್ದರೆ ಅದನ್ನೂ ಬದಲಿಸಿಬಿಡಿ. ಇಲ್ಲಿ ಭಾಗಗಳಿಗಿಂತ ಕೂಲಿಯೇ ಭಾರ. ಅದೇ ಕೂಲಿ ಎರಡನೇ ಸಲ ಕೊಡುವ ಹಾಗಾಗಬಾರದು.

ಗ್ಯಾರೇಜಿಗೆ ಈ ಕೆಲಸ ಗೊತ್ತಿದೆಯೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆಯಲ್ಲಿ ತಿಳಿಯುತ್ತದೆ: ‘ಫ್ಲ್ಯಾಂಜ್ (ಐಎಂಎಸ್ ಬೇರಿಂಗಿನ ಮುಚ್ಚಳ) ಬಿಚ್ಚುವ ಮೊದಲು ಏನು ಮಾಡ್ತೀರಿ?’ ಸರಿಯಾದ ಉತ್ತರ ಹೀಗಿರಬೇಕು: ಎಂಜಿನನ್ನು ಟಾಪ್ ಡೆಡ್ ಸೆಂಟರ್‌ಗೆ (ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು ನಿಲ್ಲುವ ಸ್ಥಾನ) ತಂದು ಕ್ರ್ಯಾಂಕ್ ಪುಲ್ಲಿಗೆ ಪಿನ್ ಹಾಕಿ, ಕ್ಯಾಮ್‌ಗಳನ್ನು ಲಾಕ್ ಮಾಡಿ, ಚೈನ್ ಟೆನ್ಷನರ್‌ಗಳನ್ನು ಸಡಿಲಿಸಿ, ಆಮೇಲಷ್ಟೇ ಫ್ಲ್ಯಾಂಜಿಗೆ ಕೈ ಹಾಕುವುದು. ಟೆನ್ಷನರ್ ಬಿಗಿಯಾಗಿದ್ದಾಗಲೇ ಬಿಚ್ಚಿದರೆ ಶಾಫ್ಟ್ ಓರೆಯಾಗಿ ಚೈನ್ ಹಲ್ಲು ಹಾರಬಹುದು. ಹಳೆಯ ಬೇರಿಂಗ್ ಆಗಲೇ ಚೂರಾಗಿ ಲೋಹದ ಪುಡಿ ಹರಡಿದ್ದರೆ ಹೊಸದು ಹಾಕಿ ಪ್ರಯೋಜನವಿಲ್ಲ. ಆ ಮಾತನ್ನು ಬಿಚ್ಚುವ ಮೊದಲೇ, ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿ ಹೇಳುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಡೀಲರ್‌ಗೂ ಹೊರಗಿನವರಿಗೂ ನಿಜವಾದ ವ್ಯತ್ಯಾಸ ಗಂಟೆಯ ದರಕ್ಕಿಂತ ಹೆಚ್ಚಾಗಿ ಇಲ್ಲಿದೆ: ಡೀಲರ್ ಇಡೀ ಜೋಡಣೆಯನ್ನೇ ಬದಲಿಸುತ್ತಾರೆ, ಒಳ್ಳೆಯ ಗ್ಯಾರೇಜ್ ಕೆಟ್ಟ ಭಾಗವನ್ನಷ್ಟೇ ಬದಲಿಸುತ್ತದೆ. ಇಗ್ನಿಷನ್ ಸ್ವಿಚ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾರು ಸ್ಟಾರ್ಟ್ ಆದ ಮೇಲೆ ಎಸಿ, ರೇಡಿಯೊ ಸತ್ತಿರುತ್ತವೆ, ಕೀಲಿಯನ್ನು ಬೆರಳಲ್ಲಿ ಸ್ವಲ್ಪ ಹಿಂದಕ್ಕೆ ತಳ್ಳಿದರೆ ಜೀವ ಬರುತ್ತವೆ. ಕೆಟ್ಟಿರುವುದು ಹಿಂಬದಿಯ ಪ್ಲಾಸ್ಟಿಕ್ ವಿದ್ಯುತ್ ಭಾಗ ಮಾತ್ರ, ಬೀಗ ಸರಿಯಾಗಿಯೇ ಇರುತ್ತದೆ. ಆ ಭಾಗ ಹಳೆಯ ಔಡಿ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿರುವುದೇ: ನಂಬರ್ 4ಎ0 905 849 ಬಿ. ಬ್ಯಾಟರಿಯ ನೆಗೆಟಿವ್ ತೆಗೆದು, ಕನೆಕ್ಟರ್ ಕಳಚಿ, ಕೆಂಪು ಬಣ್ಣ ಬಳಿದು ಮುಚ್ಚಿರುವ ಎರಡು ಪುಟ್ಟ ಸ್ಕ್ರೂಗಳನ್ನು ಸಡಿಲಿಸಿದರೆ ಹಳೆಯದು ಕೈಗೆ ಬರುತ್ತದೆ. ಸ್ಕ್ರೂ ಪೂರ್ತಿ ಬಿಚ್ಚಬೇಕಿಲ್ಲ. ಮಡಚುವ ಬಟ್ಟೆಯ ಚಾವಣಿ, ಅಂದರೆ ಸಾಫ್ಟ್ ಟಾಪ್‌ನದೂ ಇದೇ ಪಾಡು. ಅದನ್ನು ತಳ್ಳುವ ಸರಳಿನ ತುದಿಯ ಪ್ಲಾಸ್ಟಿಕ್ ಬಟ್ಟಲು ಒಡೆದರೆ ಸರಳನ್ನಷ್ಟೇ ಬದಲಿಸಿದರೆ ಸಾಕು, ಯಂತ್ರಾಂಗವನ್ನೆಲ್ಲ ಬದಲಿಸಬೇಕಿಲ್ಲ.

ಬಿಡಿಭಾಗದ ಡಬ್ಬಿಯ ಮೇಲಿನ ಹೆಸರಿಗೂ ದುಡ್ಡು ಕೊಡುತ್ತೇವೆ. ಕ್ಲಚ್ ಸ್ಯಾಕ್ಸ್‌ನದು, ಫಿಲ್ಟರ್ ಮಾಲೆ (Mahle) ಕಂಪನಿಯದು, ಎಷ್ಟೋ ಸೆನ್ಸರ್ ಬಾಷ್‌ನವು. ಅದೇ ತಯಾರಕರ ಡಬ್ಬಿಯಲ್ಲಿ ಕೊಂಡರೆ ಗಣನೀಯ ಉಳಿತಾಯ. ಹಿಂಬದಿಯ ಆಯಿಲ್ ಸೀಲ್ ಮತ್ತು ಕೂಲಂಟ್ ಟ್ಯಾಂಕ್ ಮಾತ್ರ ಪೋರ್ಶೆಯದೇ ಹಾಕಿಸಿ, ಇಲ್ಲಿ ಜಿಪುಣತನ ಬೇಡ. ಟ್ಯಾಂಕ್ ಬಿರುಕು ಬಿಟ್ಟರೆ ಹಿಂದಿನ ಡಿಕ್ಕಿಯ ಕಾರ್ಪೆಟ್ ಒದ್ದೆಯಾಗುತ್ತದೆ, ಸಿಹಿ ವಾಸನೆ ಬರುತ್ತದೆ. ಬದಲಿಸಿದ ಮೇಲೆ ಕೂಲಂಟನ್ನು ವ್ಯಾಕ್ಯೂಮ್ ಉಪಕರಣದಿಂದಲೇ ತುಂಬಿಸಬೇಕು. ರೇಡಿಯೇಟರ್‌ಗಳು ಮುಂದಿವೆ, ಎಂಜಿನ್ ಹಿಂದಿದೆ, ನಡುವಿನ ಉದ್ದ ಪೈಪುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಬಿಸಿಯೇರುತ್ತದೆ.

ಏರ್ ಆಯಿಲ್ ಸೆಪರೇಟರ್ ಹೋದಾಗ ಹಿಂದೆ ರಸ್ತೆ ಕಾಣದಷ್ಟು ಬಿಳಿ ಹೊಗೆ. ಕೆಲವರು ಇದನ್ನು ನೋಡಿ ಎಂಜಿನ್ನೇ ಹೋಯಿತೆಂದು ಹೇಳಿಬಿಡುತ್ತಾರೆ. ಮೊದಲು ಈ ಪರೀಕ್ಷೆ ಮಾಡಿ: ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ಎತ್ತಿ. ಒಳಗಿನಿಂದ ಬಲವಾಗಿ ಎಳೆದು ಹಿಡಿದಂತಿದ್ದರೆ ಒಳಗಿನ ಪೊರೆ ಹರಿದಿದೆ. ತುಂಬ ದಿನ ನಿಂತ ಕಾರು ಸ್ಟಾರ್ಟ್ ಮಾಡಿದಾಗ ಒಂದು ಉಸಿರು ಹೊಗೆ ಬಂದರೆ ಅದು ಮಲಗಿದ ಸಿಲಿಂಡರ್‌ಗಳ ಎಂಜಿನ್ನಿಗೆ ಸಹಜ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಡೀಲರ್ ಬೇಕಾಗುವ ಕೆಲಸವೂ ಇದೆ. ಟಾಪ್‌ನ ಬದಿಯ ನೀರಿನ ರಂಧ್ರಗಳಲ್ಲಿ ಎಲೆ, ಕಸ ಕಟ್ಟಿಕೊಂಡರೆ ಮಳೆನೀರು ಒಳಗೆ ಇಳಿದು ಸೀಟಿನ ಕೆಳಗಿರುವ ಅಲಾರ್ಮ್ ಹಾಗೂ ಇಮೊಬಿಲೈಸರ್ ಘಟಕವನ್ನು ನೆನೆಸುತ್ತದೆ. ಆಮೇಲೆ ಕಾರು ಸ್ಟಾರ್ಟ್ ಆಗುವುದೇ ಇಲ್ಲ. ಹೊಸ ಘಟಕಕ್ಕೆ ಕಾರಿನ ಕೋಡ್‌ಗಳು ಬೇಕು, ಅವು ಪೋರ್ಶೆಯ ದಾಖಲೆಯಲ್ಲಿವೆ. ಇಲ್ಲಿ ಅಡ್ಡದಾರಿ ಹಿಡಿಯದೆ ಡೀಲರ್ ಹತ್ತಿರವೇ ಹೋಗಿ. ಮಳೆಗಾಲಕ್ಕೆ ಮುಂಚೆ ಆ ರಂಧ್ರಗಳನ್ನು ಮೆತ್ತಗಿನ ತಂತಿಯಿಂದ ಬಿಡಿಸಿಟ್ಟರೆ ಈ ಬಿಲ್ಲು ಬರುವುದೇ ಇಲ್ಲ.

ಕ್ಯಾಲಿಫೋರ್ನಿಯಾದ ಕಾನೂನು ಗ್ರಾಹಕರ ಪರವಾಗಿದೆ, ಬಳಸಿಕೊಳ್ಳಿ. ಡೀಲರ್ ಆಗಲಿ ಗ್ಯಾರೇಜ್ ಆಗಲಿ, ಕೆಲಸಕ್ಕೆ ಮೊದಲು ಲಿಖಿತ ಎಸ್ಟಿಮೇಟ್ ಕೊಡಬೇಕು. ಅದಕ್ಕಿಂತ ಹೆಚ್ಚಾಗುವುದಾದರೆ ನಿಮ್ಮ ಒಪ್ಪಿಗೆ ಬೇಕು. ಬಿಚ್ಚಿದ ಹಳೆಯ ಭಾಗಗಳು ಬೇಕೆಂದು ಸಹಿ ಹಾಕುವಾಗಲೇ ಬರೆಸಿ. ಹೊಸ ಕಾರಿದ್ದವರಿಗೆ ಒಂದು ಮಾತು: ಹೊರಗೆ ಸರ್ವೀಸ್ ಮಾಡಿಸಿದ್ದೀರಿ ಎಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ, ಅಮೆರಿಕದ 1975ರ ಮ್ಯಾಗ್ನುಸನ್ ಮಾಸ್ ವಾರಂಟಿ ಕಾಯ್ದೆ ಅದಕ್ಕೆ ಅಡ್ಡ ನಿಂತಿದೆ. ಭಾರತದಲ್ಲೂ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿ, ಸ್ವತಂತ್ರ ಗ್ಯಾರೇಜುಗಳಿಗೂ ಬಿಡಿಭಾಗ, ತಪಾಸಣಾ ಉಪಕರಣ ಸಿಗಬೇಕೆಂದು ಆದೇಶಿಸಿತ್ತು. ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರು ಆ ಆದೇಶದ ವಿವರ ತಿಳಿದಿರುವುದು ಒಳ್ಳೆಯದು.

ಮನೆಯಲ್ಲೇ ಆಯಿಲ್ ಬದಲಿಸುವವರಿಗೆ: 8 ಲೀಟರಿಗೂ ಮೇಲೆ 0ಡಬ್ಲ್ಯು-40 ಬೇಕು. ಡ್ರೇನ್ ಪ್ಲಗ್‌ಗೆ 8 ಎಂಎಂ ಅಲೆನ್ ಕೀ, ಬಿಗಿತ 50 ನ್ಯೂಟನ್ ಮೀಟರ್, ಹೊಸ ವಾಷರ್. ಫಿಲ್ಟರ್ ಮುಚ್ಚಳ ಪ್ಲಾಸ್ಟಿಕ್, 25 ನ್ಯೂಟನ್ ಮೀಟರ್ ದಾಟಬೇಡಿ. ತೆಗೆದ ಫಿಲ್ಟರಿನ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ, ಪಕ್ಕದಲ್ಲೊಂದು ಅಯಸ್ಕಾಂತ ಇರಲಿ. ಅಯಸ್ಕಾಂತಕ್ಕೆ ಅಂಟುವ ಹೊಳೆಯುವ ಚೂರು ಕಂಡರೆ ಬೇರಿಂಗ್ ಮೇಲೆ ಅನುಮಾನ, ಕಾರನ್ನು ಓಡಿಸದೆ ಟೋ ಮಾಡಿಸಿ. ಕಂದು ಪ್ಲಾಸ್ಟಿಕ್ ಚೂರುಗಳಾದರೆ ಅವು ಚೈನ್ ಗೈಡಿನವು. ಸ್ವಲ್ಪವೇ ಇದ್ದರೆ ಮುಂದಿನ ಬದಲಾವಣೆಯಲ್ಲಿ ಮತ್ತೆ ನೋಡಿ, ಹೆಚ್ಚುತ್ತಿದ್ದರೆ ಗ್ಯಾರೇಜಿಗೆ ತೋರಿಸಿ.