ಹೊಸ ಟ್ರ್ಯಾಕ್ಟರ್ ಡೆಲಿವರಿ: ಶೋರೂಮಿಗೆ ಎರಡು ಸ್ಟಾರ್, ಕಲಿಸಲು ಬಂದ ಮೆಕ್ಯಾನಿಕ್‌ಗೆ ಐದು

ಕಲಬುರಗಿಯ ಒಂದು ಶೋರೂಮಿನಲ್ಲಿ ಈ ಸಲ 50 ಎಚ್‌ಪಿ ಟ್ರ್ಯಾಕ್ಟರ್ ತಗೊಂಡೆವು. ಅಂಗಡಿ ಹೆಸರು, ಕಂಪನಿ ಹೆಸರು ಎರಡೂ ಹಾಕುವುದಿಲ್ಲ. ಗಾಡಿ ಬಗ್ಗೆ ನನಗೆ ತಕರಾರೇ ಇಲ್ಲ. ಈ ರಿವ್ಯೂ, ಗಾಡಿ ಕೊಟ್ಟ ಮೇಲೆ ಊರಿಗೆ ಬಂದು ಕಲಿಸಿಕೊಡುವ ಸರ್ವಿಸ್ ಇದೆಯಲ್ಲ, ಇನ್‌ಸ್ಟಾಲೇಶನ್ ಅಂತಾರೆ, ಅದರದ್ದು. ಅದಕ್ಕೆ ನಾವು ಬೇರೆ ದುಡ್ಡು ಕೊಡಲಿಲ್ಲ. ದುಡ್ಡು ಇಲ್ಲದ್ದಕ್ಕೋ ಏನೋ, ನಮ್ಮ ಕಡೆ ಯಾರೂ ಅದನ್ನು ಕೇಳಿ ಪಡೆಯುವುದಿಲ್ಲ. ‘ನಮಗ ಟ್ರ್ಯಾಕ್ಟರ್ ಬರ್ತದಲ್ಲ, ಇವರೇನ್ ಕಲಿಸ್ತಾರ’ ಅನ್ನುವ ಮಾತೇ ಎಲ್ಲರ ಬಾಯಲ್ಲಿ.

ಡೆಲಿವರಿ ದಿನದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಹಾರ, ಕಾಯಿ, ಪೇಢಾ, ದೊಡ್ಡ ಕೀ ಹಿಡಿದು ಫೋಟೋ, ಒಂದು ಗೋಡೆ ಗಡಿಯಾರ. ಸೇಲ್ಸ್‌ನವನು ಡೀಸೆಲ್ ಎಷ್ಟು ಉಳಿಯುತ್ತದೆ, ಕಂತು ಯಾವ ತಾರೀಖಿಗೆ ಅನ್ನೋದನ್ನು ಚೆನ್ನಾಗಿ ಹೇಳಿದ. ಬ್ರೇಕ್ ಬಗ್ಗೆ ಒಂದು ಮಾತಿಲ್ಲ. ಆಮೇಲೆ ಒಂದು ಕಾರ್ಡ್ ಮುಂದೆ ಹಿಡಿದು ಸಹಿ ಮಾಡಿ ಅಂದ. ಓದಿದರೆ, ‘ಗಾಡಿ ನಡೆಸುವ ವಿಧಾನ, ಸುರಕ್ಷತೆ ಎಲ್ಲ ತಿಳಿಸಿಕೊಟ್ಟಿದ್ದಾರೆ’ ಅಂತ ಇತ್ತು. ಇನ್ನೂ ಸೀಟಿನ ಮೇಲೆ ಕೂತೇ ಇಲ್ಲ! ಕಲಿಸಿದ ಮೇಲೆ ಸಹಿ ಮಾಡುತ್ತೇನೆ ಅಂದೆ. ಮುಖ ಸಣ್ಣದು ಮಾಡಿಕೊಂಡ, ಆದರೆ ಆ ಒಂದು ಸಹಿ ಬಾಕಿ ಇಟ್ಟಿದ್ದಕ್ಕೇ ಮೆಕ್ಯಾನಿಕ್ ಜೇವರ್ಗಿ ತಾಲೂಕಿನ ನಮ್ಮ ಹೊಲದ ತನಕ ಬಂದ ಅಂತ ನನ್ನ ಗಟ್ಟಿ ನಂಬಿಕೆ. ಎರಡು ಸ್ಟಾರ್ ಕೊಟ್ಟಿದ್ದು ಪೇಢಾ ಚೆನ್ನಾಗಿತ್ತು ಅಂತ ಅಂದುಕೊಳ್ಳಿ.

ಬಂದವನು ಆಳಂದ ಕಡೆಯ ಹುಡುಗ. ಮಾತು ಕಡಿಮೆ. ನಮ್ಮ ಕಾಕಾ ಹಳೆಯ 35 ಎಚ್‌ಪಿ ಗಾಡಿಯನ್ನು ಎಷ್ಟೋ ವರ್ಷದಿಂದ ಓಡಿಸಿದವರು, ಕೀ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಅವನು ಕೀ ಇಸಕೊಂಡು ಜೇಬಿಗೆ ಹಾಕಿಕೊಂಡ. ‘ಕಾಕಾ, ಮೊದ್ಲ ಬಂದ್ ಮಾಡೋದ್ ಕಲೀರಿ, ಆಮ್ಯಾಗ ಚಾಲೂ ಮಾಡೋದ್’ ಅಂದ. ಕಾಕಾಗೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸರಿ. ನಮ್ಮ ಹಳೆ ಗಾಡಿಯಲ್ಲಿ ಕೀ ತಿರುಗಿಸಿದರೆ ಇಂಜಿನ್ ನಿಲ್ಲುವುದಿಲ್ಲ, ಡೀಸೆಲ್ ಕಟ್ ಮಾಡುವ ನಾಬ್ ಎಳೆಯಬೇಕು. ಹೊಸದರಲ್ಲಿ ಆ ನಾಬೇ ಇಲ್ಲ, ಕೀಯಿಂದಲೇ ಬಂದ್. ಗಡಿಬಿಡಿಯಲ್ಲಿ ಕೈ ಹೋಗುವುದು ನಾಬ್ ಇದ್ದ ಜಾಗಕ್ಕೆ ಅಲ್ವಾ? ಅಲ್ಲಿ ಈಗ ಇರುವುದು ಲೈಟಿನ ಸ್ವಿಚ್ಚು.

ಇದೇ ಅವನ ಪಾಠದ ಹೂರಣ. ಏನೂ ಬಾರದವನು ಹೊಸ ಗಾಡಿ ಮೇಲೆ ಹೆದರಿಕೊಂಡು ನಿಧಾನಕ್ಕೆ ಹೋಗುತ್ತಾನೆ. ಹಳೆ ಡ್ರೈವರ್ ಹಾಗಲ್ಲ, ಅವನ ಕೈಕಾಲು ತಲೆಯನ್ನು ಕೇಳದೆ ಹಳೆ ಗಾಡಿಯ ಜಾಗಗಳನ್ನೇ ಹುಡುಕುತ್ತವೆ. ನಮ್ಮ ಹಳೆಯದಕ್ಕೆ ಗೇರ್ ಎರಡು ಕಾಲಿನ ನಡುವೆ. ಹೊಸದಕ್ಕೆ ಪಕ್ಕದಲ್ಲಿ, ಹೈ–ಲೋ ಲಿವರ್ ಇನ್ನೊಂದು ಬದಿ, ರಿವರ್ಸ್ ಇರುವುದೇ ಬೇರೆ ಕಡೆ. ಇಂಜಿನ್ ಬಂದ್ ಇಟ್ಟುಕೊಂಡೇ ಕಾಕಾ ಕೈಯಲ್ಲಿ ಎಲ್ಲ ಗೇರ್ ಹಾಕಿಸಿದ, ತೆಗೆಸಿದ, ಕೊನೆಗೆ ಕೆಳಗೆ ನೋಡದೆ ಹಾಕಿ ಅಂದ. ಲಿವರ್ ಹತ್ತಿರ ಆಮೆ, ಮೊಲದ ಚಿತ್ರ ಇರುತ್ತವೆ, ನಿಧಾನ ಮತ್ತು ಜೋರು ಅಂತ. ಓದು ಬಾರದ ನಮ್ಮ ಆಳಿಗೆ ಅದು ಎಲ್ಲರಿಗಿಂತ ಮೊದಲು ಹೊಳೆಯಿತು.

ಕ್ಲಚ್ ವಿಷಯ ಸ್ವಲ್ಪ ಗಮನಕೊಟ್ಟು ಓದಿ. ಹಳೆಯದರಲ್ಲಿ ಕ್ಲಚ್ ಒತ್ತಿದರೆ ಗಾಲಿಯೂ ನಿಲ್ಲುತ್ತದೆ, ಹಿಂದೆ ಕಟ್ಟಿದ, ಮಣ್ಣು ಪುಡಿಮಾಡುವ ರೋಟಾವೇಟರೂ ನಿಲ್ಲುತ್ತದೆ. ಹೊಸದರಲ್ಲಿರುವುದು ಡ್ಯುಯಲ್ ಕ್ಲಚ್. ಅರ್ಧ ಒತ್ತಿದರೆ ಗಾಲಿ ಮಾತ್ರ ನಿಲ್ಲುತ್ತದೆ, ಪಿಟಿಒ, ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಸಾಮಾನಿಗೆ ಕೊಡುವ ಶಾಫ್ಟು, ತಿರುಗುತ್ತಲೇ ಇರುತ್ತದೆ. ಪೂರ್ತಿ ಒತ್ತಿದರೆ ಮಾತ್ರ ಅದೂ ನಿಲ್ಲುವುದು. ಗಾಡಿ ನಿಂತಿತು ಅಂತ ಯಾರಾದರೂ ಹಿಂದೆ ಹೋಗಿ ಬ್ಲೇಡಿಗೆ ಸಿಕ್ಕ ಹಗ್ಗವೋ ಕಸವೋ ತೆಗೆಯಲು ಕೈ ಹಾಕಿದರೆ ಏನಾಗುತ್ತದೆ, ಹೇಳಬೇಕಿಲ್ಲ. ಪಿಟಿಒ ಲಿವರ್ ನ್ಯೂಟ್ರಲ್‌ಗೆ ತಂದು, ಇಂಜಿನ್ ಬಂದ್ ಮಾಡಿ, ಕೀ ಜೇಬಲ್ಲಿ ಇಟ್ಟುಕೊಂಡೇ ಕೆಳಗೆ ಇಳಿಯಬೇಕು ಅಂದ. ಅವನು ಬಂದ ಕೂಡಲೇ ಕೀ ಜೇಬಿಗೆ ಹಾಕಿಕೊಂಡಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಬ್ರೇಕ್ ಎರಡು ಪೆಡಲ್, ಹಿಂದಿನ ಎಡ ಚಕ್ರಕ್ಕೆ ಒಂದು, ಬಲ ಚಕ್ರಕ್ಕೆ ಒಂದು ಅನ್ನೋದು ಎಲ್ಲರಿಗೂ ಗೊತ್ತು. ಹೊಲದ ಬದುವಿನಲ್ಲಿ ತಿರುಗಿಸಲು ಒಂದೇ ಒತ್ತುತ್ತೇವೆ. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಕೊಂಡಿ ಹಾಕಬೇಕು, ಹಾಕುವವರು ಎಷ್ಟು ಜನ? ನಮ್ಮೂರಲ್ಲಿ ನಾನು ನೋಡಿದ ಗಾಡಿಗಳಲ್ಲಿ ಆ ಕೊಂಡಿಗೆ ತುಕ್ಕು ಹಿಡಿದಿದೆ. ತೊಗರಿ ತುಂಬಿದ ಟ್ರೇಲರ್ ಕಟ್ಟಿಕೊಂಡು ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿ ಕಲಬುರಗಿ ಮಾರುಕಟ್ಟೆ ನೆಹರು ಗಂಜ್‌ಗೆ ಹೊರಟಾಗ, ಎದುರಿಗೆ ಬಸ್ಸು ಬಂತು ಅಂತ ಒಂದೇ ಪೆಡಲ್ ಮೇಲೆ ಕಾಲಿಟ್ಟರೆ ಗಾಡಿ ಆ ಕಡೆಗೇ ಎಳೆದು ತಿರುಗುತ್ತದೆ, ಹಿಂದಿನ ಟ್ರೇಲರ್ ನೂಕುತ್ತದೆ, ಪಲ್ಟಿ. ಅದರ ಮೇಲೆ ಹೊಸ ಗಾಡಿಯ ಬ್ರೇಕ್ ಎಣ್ಣೆಯಲ್ಲಿ ಮುಳುಗಿದ ತರದ್ದು, ಹಗುರಕ್ಕೆ ಒತ್ತಿದರೂ ಹಿಡಿಯುತ್ತದೆ. ಹಳೆಯದರ ಮೇಲೆ ನಿಂತಂತೆ ಒತ್ತುವ ಅಭ್ಯಾಸ ಇದ್ದವರು ಮೊದಲು ಖಾಲಿ ಬಯಲಲ್ಲಿ ಒತ್ತಿ ನೋಡಬೇಕು. ಪವರ್ ಸ್ಟೀರಿಂಗೂ ಹಾಗೆಯೇ. ಒಂದು ಬೆರಳಿಗೆ ತಿರುಗುತ್ತದೆ ಅಂತ ಖುಷಿಪಟ್ಟು ಜೋರಿನಲ್ಲಿ ತಿರುಗಿಸುವುದಲ್ಲ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ, ಇಂಜಿನ್ನಿನ ಹಿಡಿತ ತಪ್ಪಿದರೆ ತುಂಬಿದ ಟ್ರೇಲರನ್ನು ಬ್ರೇಕ್ ಒಂದೇ ತಡೆಯುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ ಪಾಠ. ನಮ್ಮ ಮಣ್ಣು ನಿಮಗೆ ಗೊತ್ತೇ ಇದೆ. ಒಂದು ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಗಾಡಿ ಅಲ್ಲೇ ಕೂರುತ್ತದೆ. ಆಗ ಊರೆಲ್ಲ ಮಾಡುವುದು ಒಂದೇ ಉಪಾಯ: ಹಿಂದಿನ ಎರಡು ಗಾಲಿಗೆ ಅಡ್ಡಲಾಗಿ ದಿಮ್ಮಿ ಕಟ್ಟಿ, ಗೇರ್ ಹಾಕಿ ರೇಸ್ ಕೊಡುವುದು. ಕಾಕಾ ಅದನ್ನೇ ಹೇಳಿದರು. ಮೆಕ್ಯಾನಿಕ್ ಹೊಲದಲ್ಲಿ ಕೂತು ಕಡ್ಡಿಯಿಂದ ನೆಲದ ಮೇಲೆ ಚಿತ್ರ ಬರೆದ. ಗಾಲಿ ತಿರುಗದಂತೆ ಸಿಕ್ಕಿಹಾಕಿಕೊಂಡರೆ ಇಂಜಿನ್ನಿನ ಶಕ್ತಿ ಎಲ್ಲಿಗೆ ಹೋಗಬೇಕು? ಗಾಲಿ ತಿರುಗಲಾಗದಿದ್ದರೆ ಗಾಡಿಯೇ ಹಿಂದಿನ ಆಕ್ಸೆಲ್ ಸುತ್ತ ತಿರುಗುತ್ತದೆ, ಮೂತಿ ಮೇಲೆದ್ದು ಡ್ರೈವರ್ ಮೇಲೆ ಬೀಳುತ್ತದೆ. ಎರಡು ಸೆಕೆಂಡ್ ಕೂಡ ಬೇಕಿಲ್ಲ, ಹಾರಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹೂತರೆ ಹಿಂದಿನ ಸಾಮಾನು ಬಿಚ್ಚಿ, ಗಾಲಿ ಹಿಂದಿನ ಮಣ್ಣು ಕೆದರಿ, ರಿವರ್ಸ್‌ನಲ್ಲಿ ನಿಧಾನಕ್ಕೆ ಹೊರಗೆ ತೆಗೆಯಿರಿ, ಬರದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ ಅಂದ. ಭಾರ ಎಳೆಯುವಾಗಲೂ ಇದೇ ಲೆಕ್ಕ. ಸರಪಳಿಯನ್ನು ಹಿಂದೆ ಕೆಳಗಡೆ ಇರುವ ಎಳೆಯುವ ಪಟ್ಟಿಗೇ, ಡ್ರಾಬಾರ್ ಅಂತಾರೆ, ಅದಕ್ಕೇ ಕಟ್ಟಬೇಕು. ಸಾಮಾನು ಹಿಡಿಯುವ ಮೇಲಿನ ಕೊಂಡಿ, ಟಾಪ್ ಲಿಂಕಿನ ಜಾಗಕ್ಕೋ ಸೀಟಿನ ಕೆಳಗೋ ಕಟ್ಟಿದರೆ ಮತ್ತೆ ಮೂತಿ ಮೇಲೆ. ಕಾಕಾ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು, ಆಮೇಲೆ ಸಿಟ್ಟು ಇಳಿದು ಅವರೇ ಪ್ರಶ್ನೆ ಕೇಳಲು ಶುರುಮಾಡಿದರು.

ಕಾಲುವೆ ದಂಡೆ ಮೇಲೆ ಹೋಗುವಾಗ ಕಾಲುವೆ ಎಷ್ಟು ಆಳ ಇದೆಯೋ ಕನಿಷ್ಠ ಅಷ್ಟು ದೂರ ಅಂಚು ಬಿಟ್ಟು ಹೋಗಿ ಅಂತ ಅವನು ಹೇಳಿದ್ದು ಸುಲಭದ ಅಳತೆ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡಿ ಅಂತಲೂ ಹೇಳಿದ. ಇದಕ್ಕೆ ನಮ್ಮ ಮನೆ ಹುಡುಗರು ನಕ್ಕರು. ಅವರಿಗೆ ಬುದ್ಧಿ ಹೇಳುವುದು ಮೆಕ್ಯಾನಿಕ್ ಕೆಲಸ ಅಲ್ಲ ಬಿಡಿ, ನಮ್ಮದು.

ಪಿಟಿಒ ಬಗ್ಗೆ ಒಂದು ಲೆಕ್ಕ ಕೊಟ್ಟ, ಅದು ತಲೆಯಲ್ಲಿ ಕೂತಿದೆ. 540 ಆರ್‌ಪಿಎಂ ಅಂದರೆ ನಿಮಿಷಕ್ಕೆ 540 ಸುತ್ತು, ಒಂದು ಸೆಕೆಂಡಿಗೆ 9 ಸುತ್ತು. ಟವೆಲ್ಲಿನ ತುದಿ ಸಿಕ್ಕರೆ ‘ಅಯ್ಯೋ’ ಅನ್ನುವಷ್ಟರಲ್ಲಿ ಮನುಷ್ಯನನ್ನೇ ಎಳೆದುಕೊಂಡಿರುತ್ತದೆ. ತೊಗರಿ ರಾಶಿ ಮಾಡುವಾಗ ಮಷಿನ್ ಸುತ್ತ ಹೆಣ್ಣುಮಕ್ಕಳೇ ಜಾಸ್ತಿ, ಸೆರಗು, ಓಢಣಿ, ಧೂಳಿಗೆ ಮುಖಕ್ಕೆ ಸುತ್ತಿದ ಬಟ್ಟೆ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವರ್ ಇರಲೇಬೇಕು. ಇಲ್ಲೇ ನನ್ನ ದೊಡ್ಡ ತಕರಾರು: ಅದೇ ಅಂಗಡಿ ಕೊಟ್ಟ ರೋಟಾವೇಟರಿನ ಶಾಫ್ಟಿಗೆ ಆ ಕವರ್ ಇರಲಿಲ್ಲ! ಕೇಳಿದರೆ ‘ಎಲ್ಲರೂ ತೆಗೆದೇ ಒಗೀತಾರ ಸರ್’ ಅಂತ ಉತ್ತರ. ಫೋನ್ ಮೇಲೆ ಫೋನ್ ಮಾಡಿದ ಮೇಲೆ ಕಳಿಸಿದರು. ಅದು ಬರುವ ತನಕ ರೋಟಾವೇಟರ್ ಕಟ್ಟಲಿಲ್ಲ.

ಇನ್ನೊಂದು, ಸೆಲ್ಫ್ ಸ್ಟಾರ್ಟರ್ ಕೈಕೊಟ್ಟಾಗ ಕೆಳಗೆ ನಿಂತು ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುವ ಚಾಳಿ. ಕ್ಲಚ್ ಒತ್ತದೆ ಸ್ಟಾರ್ಟ್ ಆಗಬಾರದು ಅಂತ ಕಂಪನಿ ಒಂದು ಸ್ವಿಚ್ ಕೊಟ್ಟಿರುತ್ತದೆ, ಈ ಸ್ಕ್ರೂಡ್ರೈವರ್ ಅದನ್ನೇ ಸುಳ್ಳು ಮಾಡುತ್ತದೆ. ಗಾಡಿ ಗೇರಿನಲ್ಲಿದ್ದರೆ ಚಾಲೂ ಆದ ಕ್ಷಣಕ್ಕೇ ಮುಂದೆ ಹೋಗುತ್ತದೆ, ದೊಡ್ಡ ಗಾಲಿಯ ಮುಂದೆ ನಿಂತಿರುವವರು ಯಾರು? ಚಾಲೂ ಮಾಡಿದವರೇ.

ಹಿಂದಿನ ಸಾಮಾನು ಎತ್ತಿ ಇಳಿಸುವ ಹೈಡ್ರಾಲಿಕ್ ಪಾಠ ಮಾತ್ರ ಅರ್ಧಕ್ಕೆ ಬಿಟ್ಟ. ಎತ್ತರಕ್ಕೆ ಒಂದು ಲಿವರ್, ಎಳೆತಕ್ಕೆ ಒಂದು ಲಿವರ್ ಅಂತ ಹೇಳಿ, ಕಲ್ಟಿವೇಟರ್ ಕಟ್ಟಿ ಎರಡು ಸಾಲು ಹೊಡೆಸಿ ಹೊರಟ. ಬೇರೆ ಊರಿಂದ ಫೋನ್ ಬರ್ತಾ ಇತ್ತು ಪಾಪ. ಬಿತ್ತುವ ಕೂರಿಗೆಯ ಆಳ ಹೇಗೆ ಹಿಡಿಯುವುದು ಅಂತ ನಾವೇ ನೋಡಿಕೊಳ್ಳಬೇಕಾಯಿತು. ಮತ್ತೆ, ಪಲ್ಟಿಯಾದರೆ ಡ್ರೈವರನ್ನು ಕಾಯುವ ಕಬ್ಬಿಣದ ಚೌಕಟ್ಟು ಈ ಮಾಡೆಲ್ಲಿಗೆ ಇರಲಿಲ್ಲ. ಶೋರೂಮಿನವರು ಅದರ ಬದಲು ಬಿಸಿಲಿನ ಹುಡ್ ತೋರಿಸಿ ‘ಸೇಫ್ಟಿ’ ಅಂದಿದ್ದರು. ಅದು ನೆರಳಿಗೆ ಮಾತ್ರ, ಭಾರ ತಡೆಯುವುದಿಲ್ಲ ಅಂತ ಈ ಹುಡುಗ ನೇರವಾಗಿ ಹೇಳಿದ. ಚೌಕಟ್ಟು ಇರುವ ಗಾಡಿಯಲ್ಲಿ ಬೆಲ್ಟ್ ಹಾಕಿಕೊಳ್ಳಬೇಕು, ಇಲ್ಲದ ಗಾಡಿಯಲ್ಲಿ ಕಟ್ಟಿಕೊಂಡು ಕೂರಬಾರದು ಅಂತಲೂ ಅಂದ. ತಗೊಳ್ಳುವ ಮೊದಲೇ ಇದನ್ನು ಕೇಳಿ.

ನೀವು ಕರೆಸುವುದಾದರೆ ಜೂನ್ ಮೊದಲ ಭಾಗದ ಮಿರಗ (ಮೃಗಶಿರ) ಮಳೆಗೆ ಮುಂಚೆ ಕರೆಸಿ. ಬಿತ್ತನೆ ಶುರುವಾದರೆ ಎಲ್ಲ ಮೆಕ್ಯಾನಿಕ್‌ಗಳೂ ಕೆಟ್ಟು ನಿಂತ ಗಾಡಿಗಳ ಹಿಂದೆ ಓಡುತ್ತಿರುತ್ತಾರೆ. ನೀವು ನಿಜವಾಗಿ ಬಳಸುವ ಸಾಮಾನು, ಟ್ರೇಲರ್, ರೋಟಾವೇಟರ್, ಕೂರಿಗೆ, ಎಲ್ಲ ಹೊಲದಲ್ಲಿ ತಯಾರು ಇಟ್ಟಿರಿ. ಗಾಡಿ ಓಡಿಸುವವರೆಲ್ಲ ಅಲ್ಲಿರಲಿ, ಯಜಮಾನರೊಬ್ಬರೇ ಅಲ್ಲ. ಆ ಕಾರ್ಡಿನ ಸಹಿ ಕೊನೆಗೆ. ನಮ್ಮದಕ್ಕೆ 50 ತಾಸಿನ ಮೊದಲ ಸರ್ವಿಸ್ ಇನ್ನೂ ಬಾಕಿ ಇದೆ, ಹೈಡ್ರಾಲಿಕ್ ಉಳಿದ ಪಾಠ ಆಗ ಮಾಡಿಸುತ್ತೇನೆ ಅಂತ ಆ ಹುಡುಗನೇ ಕಾರ್ಡಿನ ಹಿಂದೆ ಬರೆದುಕೊಟ್ಟಿದ್ದಾನೆ.